ಮೂವರು ಸೋದರಿಯರಿಗೂ ಒಂದೇ ದನಿ: ಪಾತ್ರಗಳನ್ನು ಬೇರೆಬೇರೆಯಾಗಿ ಕಾಣಿಸುವುದು ಹೇಗೆ?

ಪ್ರಶ್ನೆ

ಎರಡು ವರ್ಷಗಳಿಂದ ಒಂದು ಕಾದಂಬರಿಯನ್ನು ಬರೆಯುತ್ತಿದ್ದೇನೆ. ತಂದೆ ತೀರಿಕೊಂಡ ಮೇಲೆ ಊರಿನ ಮನೆಯನ್ನು ಮಾರುವುದೋ ಉಳಿಸಿಕೊಳ್ಳುವುದೋ ಎಂದು ತೀರ್ಮಾನಿಸಲು ಮೂವರು ಅಕ್ಕತಂಗಿಯರು ಒಂದು ವಾರದ ಮಟ್ಟಿಗೆ ಅಲ್ಲಿ ಸೇರುತ್ತಾರೆ ಎಂಬುದು ಅದರ ಹಂದರ. ಮೂವರ ವಯಸ್ಸು, ಓದು, ಉದ್ಯೋಗ, ಉಡುಪು, ಇಷ್ಟದ ತಿಂಡಿ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಆದರೂ ಹಸ್ತಪ್ರತಿಯನ್ನು ಓದಿದ ಗೆಳತಿಯೊಬ್ಬಳು, ಹೆಸರುಗಳನ್ನು ಮುಚ್ಚಿಟ್ಟರೆ ಯಾವ ಮಾತು ಯಾರದೆಂದು ತಿಳಿಯುವುದಿಲ್ಲ ಎಂದಳು. ನಾನೂ ಮುಚ್ಚಿಟ್ಟು ಓದಿದೆ. ಅವಳು ಹೇಳಿದ್ದು ನಿಜ. ಮೂವರೂ ನನ್ನ ಹಾಗೆಯೇ ಮಾತನಾಡುತ್ತಾರೆ. ಹಿರಿಯಳನ್ನು ಧಾರವಾಡಕ್ಕೆ ಕೊಟ್ಟಿರುವುದರಿಂದ ಅವಳಿಗೆ ಅಲ್ಲಿಯ ಕನ್ನಡವನ್ನೂ, ಕಿರಿಯಳಿಗೆ ಇಂಗ್ಲಿಷ್ ಬೆರೆತ ಬೆಂಗಳೂರಿನ ಕನ್ನಡವನ್ನೂ ಕೊಟ್ಟರೆ ಸರಿಹೋದೀತೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ಆಡುನುಡಿಯನ್ನು ಬದಲಿಸಿದರೆ ಗುರುತು ಹಿಡಿಯಲು ಸುಲಭವಾಗಬಹುದು, ಆದರೆ ವ್ಯಕ್ತಿತ್ವ ಹುಟ್ಟುವುದಿಲ್ಲ. ಭೈರಪ್ಪನವರ ‘ಗೃಹಭಂಗ’ವನ್ನು (1970) ಈ ಒಂದು ದೃಷ್ಟಿಯಿಂದ ಮತ್ತೊಮ್ಮೆ ಓದಿ ನೋಡಿ. ಗಂಗಮ್ಮ, ಅವಳ ಮಗ ಚೆನ್ನಿಗರಾಯ, ಸೊಸೆ ನಂಜಮ್ಮ, ಮೂವರೂ ಒಂದೇ ಮನೆಯವರು, ಒಂದೇ ಸೀಮೆಯ ಕನ್ನಡವನ್ನಾಡುವವರು. ಆದರೂ ಯಾವ ಪುಟದಲ್ಲಿಯೂ ಒಬ್ಬರು ಇನ್ನೊಬ್ಬರಂತೆ ಕೇಳಿಸುವುದಿಲ್ಲ. ಗಂಗಮ್ಮನಿಗೆ ಬಾಯಿ ತೆರೆದರೆ ಬೈಗುಳ; ಶಾನುಭೋಗಿಕೆ ಹೆಸರಿಗೆ ಚೆನ್ನಿಗರಾಯನದಾದರೂ ಅವನ ಮನಸ್ಸೆಲ್ಲ ಊಟದ ಮೇಲೆ; ಆ ಲೆಕ್ಕಗಳನ್ನು ಬರೆದು ಮಕ್ಕಳ ಹೊಟ್ಟೆ ಹೊರೆಯುವ ನಂಜಮ್ಮನ ಮಾತಿನಲ್ಲಿ ನಾಳೆಯ ಚಿಂತೆ. ಯಾರಿಗೆ ಏನು ಬೇಕಾಗಿದೆ ಎಂಬುದು ಬೇರೆಯಾದುದರಿಂದಲೇ ಮಾತೂ ಬೇರೆಯಾಗಿದೆ.

ನಿಮ್ಮ ಹಿರಿಯಳ ಧಾರವಾಡದ ಕನ್ನಡವನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ. ಆದರೆ ಹಲವು ವರ್ಷ ಅಲ್ಲಿ ಬಾಳಿದವಳು ಅತ್ತೆಮನೆಯಿಂದ ಫೋನು ಬಂದಾಗ ಒಂದು ರೀತಿಯಲ್ಲಿಯೂ, ತಂಗಿಯರೊಡನೆ ತವರಿನ ರೀತಿಯಲ್ಲಿಯೂ ಮಾತನಾಡುತ್ತಾಳೆ. ಮನೆ ಮಾರುವ ಮಾತು ಬಂದು ಕೋಪಗೊಂಡಾಗ ಯಾವುದು ಹೊರಬರುತ್ತದೆ ಎಂಬುದನ್ನು ನೀವು ಯೋಚಿಸಿದ್ದೀರಾ? ಆ ಕ್ಷಣದಲ್ಲಿ ಆಡುನುಡಿ ಅಲಂಕಾರವಾಗಿ ಉಳಿಯದೆ ಅವಳು ಈಗ ಯಾವ ಮನೆಯವಳು ಎಂಬುದಕ್ಕೆ ಸಾಕ್ಷಿಯಾಗುತ್ತದೆ.

ಎರಡನೆಯ ಉತ್ತರ

ಮೇಲಿನ ಮಾತಿಗೆ ಒಂದನ್ನು ಸೇರಿಸಬೇಕೆನಿಸುತ್ತದೆ. ಕನ್ನಡದ ಲೇಖಕರಿಗೆ ಸಂಬೋಧನೆಯೆಂಬ ದೊಡ್ಡ ಸೌಲಭ್ಯವಿದೆ, ನಾವು ಅದನ್ನು ಬಳಸುವುದು ಕಡಿಮೆ. ತೀರಿಕೊಂಡ ತಂದೆಯನ್ನು ಒಬ್ಬಳು ‘ಅಪ್ಪ ಬರ್ತಿದ್ದ’ ಎಂದು ಏಕವಚನದಲ್ಲಿ ನೆನೆಯುವುದಕ್ಕೂ, ಇನ್ನೊಬ್ಬಳು ‘ಅಪ್ಪ ಬರ್ತಿದ್ರು’ ಎನ್ನುವುದಕ್ಕೂ ನಡುವೆ ಇಡೀ ಬಾಲ್ಯದ ವ್ಯತ್ಯಾಸವಿದೆ. ‘ಬಾರೇ, ಹೋಗೇ’ ಎನ್ನುತ್ತಿದ್ದ ತಂಗಿ ಜಗಳದ ನಡುವೆ ಇದ್ದಕ್ಕಿದ್ದಂತೆ ‘ನೀವು ಹೇಳಿದ ಹಾಗೇ ಆಗಲಿ’ ಎಂದರೆ, ಆ ‘ನೀವು’ ಮರ್ಯಾದೆಯಲ್ಲ, ದೂರ ಸರಿದದ್ದು ಎಂದು ಕನ್ನಡದ ಓದುಗರಿಗೆ ವಿವರಿಸಬೇಕಾಗಿಲ್ಲ.

ನಿಮ್ಮ ಕಥೆಯ ಮಧ್ಯದಲ್ಲಿ ಸತ್ತ ಮನುಷ್ಯನೊಬ್ಬನಿದ್ದಾನೆ ಎಂಬುದನ್ನೂ ಮರೆಯಬೇಡಿ. ಅನಂತಮೂರ್ತಿಯವರ ‘ಸಂಸ್ಕಾರ’ (1965) ಆರಂಭವಾಗುವಾಗಲೇ ನಾರಣಪ್ಪ ಸತ್ತಿದ್ದಾನೆ. ಅವನ ಬಗ್ಗೆ ಅಗ್ರಹಾರದವರು ಆಡುವ ಮಾತುಗಳಿಂದ ನಾವು ಅವನಿಗಿಂತ ಹೆಚ್ಚಾಗಿ ಆಡಿದವರನ್ನೇ ಅರಿಯುತ್ತೇವೆ. ಶವಸಂಸ್ಕಾರದ ಖರ್ಚಿಗೆಂದು, ಅವನೊಡನೆ ಬಾಳುತ್ತಿದ್ದ ಚಂದ್ರಿ ತನ್ನ ಒಡವೆಗಳನ್ನು ತೆಗೆದಿಟ್ಟ ಮೇಲಂತೂ, ಅದುವರೆಗೆ ಹಿಂಜರಿಯುತ್ತಿದ್ದವರ ಮನಸ್ಸು ಹೊರಳುವ ಬಗೆಯೇ ಅವರ ಪರಿಚಯವಾಗುತ್ತದೆ. ನಿಮ್ಮ ಮೂವರ ಎದುರಿಗೂ ತಂದೆಯ ಒಂದು ವಸ್ತುವನ್ನಿಡಿ. ಯಾರು ಮೊದಲು ಮುಟ್ಟುತ್ತಾರೆ, ಯಾರು ಅದರ ಬೆಲೆ ಕೇಳುತ್ತಾರೆ, ಯಾರು ಕಾಫಿ ಮಾಡುತ್ತೇನೆಂದು ಎದ್ದು ಹೋಗುತ್ತಾರೆ ಎಂಬುದನ್ನು ಬರೆಯಿರಿ.

ಮೂರನೆಯ ಉತ್ತರ

ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ಒಂದೇ ಮನೆಯಲ್ಲಿ ಬೆಳೆದ ಅಕ್ಕತಂಗಿಯರ ದನಿಯಲ್ಲಿ ಹೋಲಿಕೆಯಿರುವುದು ದೋಷವಲ್ಲ. ಅಮ್ಮನ ಗಾದೆಗಳನ್ನು ಮೂವರೂ ಬಳಸಲಿ, ಒಬ್ಬಳು ಆರಂಭಿಸಿದ ವಾಕ್ಯವನ್ನು ಇನ್ನೊಬ್ಬಳು ಮುಗಿಸಲಿ. ಮಾತೊಂದರಿಂದಲೇ ಬೇರ್ಪಡಿಸಲು ಹೊರಟರೆ ಒಬ್ಬಳು ಸದಾ ಸಿಡುಕುವವಳೂ ಇನ್ನೊಬ್ಬಳು ಸದಾ ಅಳುವವಳೂ ಆಗಿ, ಮೂವರೂ ಮೂರು ಮುಖವಾಡಗಳಾಗುತ್ತಾರೆ. ‘ಮಲೆಗಳಲ್ಲಿ ಮದುಮಗಳು’ (1967) ಓದಿದವರು ನಾಯಿಗುತ್ತಿಯ ನಾಯಿ ಹುಲಿಯನನ್ನು ಮರೆಯುವುದಿಲ್ಲ. ಅದಕ್ಕೆ ಮಾತೂ ಇಲ್ಲ, ನೋಟ್‌ಬುಕ್ಕಿನಲ್ಲಿ ಪಟ್ಟಿಮಾಡಬಹುದಾದ ವಿವರಗಳೂ ಹೆಚ್ಚಿಲ್ಲ; ಒಡೆಯನ ಜೊತೆಗೆ ಅದು ನಡೆದುಕೊಳ್ಳುವ ರೀತಿಯಿಂದಲೇ ಅದು ನಮ್ಮೊಳಗೆ ಉಳಿಯುತ್ತದೆ. ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಎಂದು ಕುವೆಂಪು ಆರಂಭದಲ್ಲಿಯೇ ಬರೆದದ್ದು ಬರಿಯ ತತ್ತ್ವವಲ್ಲ, ಪಾತ್ರಸೃಷ್ಟಿಯ ಶಿಸ್ತೂ ಹೌದೆಂದು ನಾನು ನಂಬಿದ್ದೇನೆ.

ನಿಮ್ಮ ಮೂವರಲ್ಲಿ ನಡುವಿನವಳ ಬಗ್ಗೆ ನೀವು ಒಂದು ಮಾತನ್ನೂ ಬರೆದಿಲ್ಲ. ತೊಂದರೆ ಅಲ್ಲಿಯೇ ಇರಬಹುದೇ?

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಕೃತಜ್ಞಳಾಗಿದ್ದೇನೆ. ತಂದೆಯ ಟ್ರಂಕನ್ನು ತೆರೆಯುವ ಅಧ್ಯಾಯವನ್ನು ಈ ವಾರ ಹೊಸದಾಗಿ ಬರೆದೆ. ಹಿರಿಯಳು ಪತ್ರಗಳನ್ನು ವರ್ಷದ ಪ್ರಕಾರ ಜೋಡಿಸತೊಡಗಿದಳು, ಕಿರಿಯಳು ಪ್ರತಿಯೊಂದನ್ನೂ ಗಟ್ಟಿಯಾಗಿ ಓದಿದಳು. ನಡುವಿನವಳು ಟ್ರಂಕಿನ ಬೀಗದ ಕೈಯನ್ನು ತನ್ನ ಸೆರಗಿನ ತುದಿಗೆ ಗಂಟುಹಾಕಿಕೊಂಡಳು. ಅದು ಇಷ್ಟು ದಿನ ಅವಳ ಬಳಿ ಏಕಿತ್ತು ಎಂದು ಅಕ್ಕ ಕೇಳಿದಳು. ಉತ್ತರ ನನಗೂ ತಿಳಿದಿಲ್ಲ. ಅದನ್ನು ತಿಳಿಯಲು ಮೊದಲ ಅಧ್ಯಾಯದಿಂದ ಅವಳ ಹಿಂದೆಯೇ ನಡೆಯುತ್ತಿದ್ದೇನೆ.