ಸಹಾಯ ಬೇಕು: ವೈಫೈ 5 ಸಾಕೇ, ವೈಫೈ 6 ರೌಟರನ್ನೇ ಕೊಳ್ಳಬೇಕೇ?

ಸದಸ್ಯರೆಲ್ಲರಿಗೂ ನಮಸ್ಕಾರ. ಉಡುಪಿ ಸಮೀಪದ ಬ್ರಹ್ಮಾವರದಲ್ಲಿರುವ ನಮ್ಮ ಹಳೆಯ ಮನೆಗೆ ಹೊಸ ರೌಟರ್ ಕೊಳ್ಳುವ ಮುನ್ನ ನಿಮ್ಮ ಸಲಹೆ ಬೇಕಾಗಿದೆ. ಗೋಡೆಗಳೆಲ್ಲ ದಪ್ಪ ಕೆಂಪುಕಲ್ಲಿನವು; ಚಾವಡಿಯಲ್ಲಿಟ್ಟ ರೌಟರಿನ 5 ಗಿಗಾಹರ್ಟ್ಸ್ ಸಿಗ್ನಲ್ ಎರಡು ಗೋಡೆ ದಾಟುವಷ್ಟರಲ್ಲಿ ಕ್ಷೀಣಿಸುವುದರಿಂದ, ಹಿಂಬದಿಯ ಕೋಣೆಯಲ್ಲಿ ಮಗಳ ಆನ್‌ಲೈನ್ ತರಗತಿ ಪದೇ ಪದೇ ನಿಲ್ಲುತ್ತದೆ. ಅಲ್ಲಿಯವರೆಗೆ ತಲಪುವುದು 2.4 ಗಿಗಾಹರ್ಟ್ಸ್ ಮಾತ್ರ.

ನಾನು ತಿಳಿದುಕೊಂಡಂತೆ, 2013ರ 802.11ಎಸಿ ಎಂಬ ವೈಫೈ ಮಾನದಂಡ, ಅಂದರೆ ವೈಫೈ 5, ಕೆಲಸ ಮಾಡುವುದು 5 ಗಿಗಾಹರ್ಟ್ಸ್‌ನಲ್ಲಷ್ಟೇ. ಅಂಥ ರೌಟರುಗಳ 2.4 ಗಿಗಾಹರ್ಟ್ಸ್ ಭಾಗವು ಅದಕ್ಕೂ ಹಿಂದಿನ, 2009ರ 802.11ಎನ್ ತಂತ್ರಜ್ಞಾನದಲ್ಲೇ ಉಳಿದಿದೆ. ನಂತರದ ಪೀಳಿಗೆಯ ವೈಫೈ 6 ಈ ಎರಡೂ ಬ್ಯಾಂಡ್‌ಗಳಲ್ಲಿ (ತರಂಗಾಂತರ ಪಟ್ಟಿಗಳಲ್ಲಿ) ಸುಧಾರಣೆ ತಂದಿದ್ದು, ಒಂದೇ ಚಾನೆಲನ್ನು ತುಂಡು ಮಾಡಿ ಹಲವು ಸಾಧನಗಳಿಗೆ ಏಕಕಾಲದಲ್ಲಿ ಹಂಚಬಲ್ಲದು. ಆದರೆ ಈ ಪ್ರಯೋಜನ ಸಿಗಲು ಸಾಧನವೂ ವೈಫೈ 6ರದ್ದಾಗಿರಬೇಕು. ನಮ್ಮಲ್ಲಿ ಅಂಥದ್ದು ಮಗಳ ಲ್ಯಾಪ್‌ಟಾಪ್ ಒಂದೇ.

ನಮ್ಮ ಫೈಬರ್ ಸಂಪರ್ಕ 100 ಎಂಬಿಪಿಎಸ್‌ನದು, ಹೆಚ್ಚಿನ ವೇಗದ ಅಗತ್ಯವಿಲ್ಲ. ಆ ಕೋಣೆಯಲ್ಲಿ ಪಾಠ ಕಡಿಯದಿದ್ದರೆ ಸಾಕು. ಹೀಗಿರುವಾಗ ಒಂದು ವೈಫೈ 6 ರೌಟರ್ ಕೊಳ್ಳುವುದು ಸರಿಯೇ, ಅಥವಾ ಅದೇ ಹಣದಲ್ಲಿ ಎರಡು ವೈಫೈ 5 ಸಾಧನಗಳನ್ನು ಕೊಂಡು, ನಡುವೆ ಕೇಬಲ್ ಎಳೆಸಿ, ಒಂದನ್ನು ಹಿಂಬದಿಯಲ್ಲೇ ಇಡುವುದು ಮೇಲೇ? ಕೆಂಪುಕಲ್ಲಿನ ಮನೆಯಲ್ಲಿ ಬಳಸಿ ನೋಡಿದವರು ದಯವಿಟ್ಟು ತಿಳಿಸಿ.