ಹಳೇ ಮಸ್ಟಾಂಗ್ ಸಾಕುವುದು ಹೇಗೆ? ಬೆಳಗಾವಿ ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಈ ಭಾನುವಾರ ನಮ್ಮ ಗುಂಪಿನ ಬೆಳಗಾವಿ ಮೆಕ್ಯಾನಿಕ್ ಅಣ್ಣ ಸಿಕ್ಕಿದ್ದಾರೆ. ವಿಷಯ ಒಂದೇ, ಸೆಕೆಂಡ್ ಹ್ಯಾಂಡ್ ಫೋರ್ಡ್ ಮಸ್ಟಾಂಗ್. ಇಟ್ಟುಕೊಂಡವರೂ ಕೇಳಬಹುದು, ಆಸೆ ಇರುವವರೂ ಕೇಳಬಹುದು.

ಮೆಕ್ಯಾನಿಕ್: ನಮಸ್ಕಾರ. ಉದ್ಯಮಬಾಗದ ಹತ್ತಿರ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಮೊದಲು ಪುಣೆಯಲ್ಲಿ ಹನ್ನೊಂದು ವರ್ಷ ಹೊರದೇಶದ ಕಾರುಗಳ ಕೆಲಸ ಮಾಡಿದ್ದೇನೆ. ಈಗ ನನ್ನ ಅನ್ನ ಸ್ವಿಫ್ಟ್, ಬೊಲೆರೊಗಳದ್ದೇ. ಆದರೂ ಮೂರು ಮಸ್ಟಾಂಗ್ ಕಾಯಂ ಬರುತ್ತವೆ. ಮೂರೂ ಮಹಾರಾಷ್ಟ್ರದಿಂದ ಬಂದ ಹಳೇ ಕಾರುಗಳು. ಕೇಳಿ.

ಬಾಗಲಕೋಟೆಯಿಂದ, ಹಲ್ಲಿನ ಡಾಕ್ಟರ್: ಪುಣೆಯಲ್ಲಿ 2017ರ ಮಸ್ಟಾಂಗ್ ಜಿಟಿ ಒಂದು ನೋಡಿದ್ದೇನೆ. 24,000 ಕಿ.ಮೀ. ಓಡಿದೆ. ಮಾರುವವರು ಮೂರನೇ ಓನರ್. ಹೊಸದರ ಹಾಗೇ ಹೊಳೆಯುತ್ತಿದೆ. ಏನು ನೋಡಿ ತೆಗೆದುಕೊಳ್ಳಲಿ?

ಮೆಕ್ಯಾನಿಕ್: ಹೊಳಪನ್ನು ಬಿಡಿ ಡಾಕ್ಟ್ರೇ, ಅದು ಪಾಲಿಶ್ ಮಾಡುವವನ ಕೈಚಳಕ. ಮೊದಲು ವಿಐಎನ್, ಅಂದರೆ ಕಾರಿನ ಚಾಸಿಸ್ ನಂಬರಿನ 10ನೇ ಅಕ್ಷರ ನೋಡಿ. ಜಿ ಇದ್ದರೆ 2016ರ ಮಾಡೆಲ್, ಎಚ್ ಇದ್ದರೆ 2017ರದ್ದು. ನೋಂದಣಿಯ ವರ್ಷ ಬೇರೆ, ಮಾಡೆಲ್ ವರ್ಷ ಬೇರೆ. ಈ ಕಾರು ನಮ್ಮ ದೇಶಕ್ಕೆ ಬಂದದ್ದು 2016ರ ಜುಲೈನಲ್ಲಿ, ಶೋರೂಂ ಬೆಲೆ 65 ಲಕ್ಷ ರೂಪಾಯಿ. ಆ ಬೆಲೆ ನೆನಪಿಡಿ, ಆರ್‌ಟಿಒದಲ್ಲಿ ಬೇಕಾಗುತ್ತದೆ.

ಆಮೇಲೆ ಟೈರ್. ಟೈರಿನ ಗೋಡೆ ಮೇಲೆ ನಾಲ್ಕು ಅಂಕಿ ಇರುತ್ತವೆ. 2317 ಅಂದರೆ 2017ರ 23ನೇ ವಾರದಲ್ಲಿ ತಯಾರಾದದ್ದು. ಇಂಥ ಕಾರುಗಳು ವರ್ಷಕ್ಕೆ ಎರಡು ಮೂರು ಸಾವಿರ ಕಿ.ಮೀ. ಓಡುತ್ತವೆ. ಹಾಗಾಗಿ ಟೈರ್ ಸವೆಯುವುದಿಲ್ಲ, ಒಣಗಿ ಕಲ್ಲಾಗುತ್ತದೆ. ಮೇಲಿನ ಗೆರೆಗಳು ಚೆನ್ನಾಗಿಯೇ ಕಾಣುತ್ತವೆ, ಹಿಡಿತ ಮಾತ್ರ ಇರುವುದಿಲ್ಲ. ಅಷ್ಟೆಲ್ಲಾ ಬಲ ಹಿಂದಿನ ಎರಡೇ ಚಕ್ರಕ್ಕೆ ಹೋಗುವ ಕಾರು ಇದು. ಮುಂದಿನ ಟೈರ್ 255, ಹಿಂದಿನದು 275 ಅಗಲ. ಹಿಂದೆ ಮುಂದೆ ಅದಲು ಬದಲು ಮಾಡಲು ಬರುವುದಿಲ್ಲ.

ಬಾನೆಟ್ಟಿನ ಅಂಚಿನಲ್ಲಿ ಪೇಂಟ್ ಗುಳ್ಳೆ ಎದ್ದಿದ್ದರೆ ಆ್ಯಕ್ಸಿಡೆಂಟ್ ಆಗಿದೆ ಎಂದು ಗಾಬರಿ ಬೇಡ. ಬಾನೆಟ್ ಅಲ್ಯೂಮಿನಿಯಂನದ್ದು, ಅಂಚಿನಲ್ಲಿ ಒಳಗಿಂದ ತುಕ್ಕಿನ ಹಾಗೆ ಸವೆಯುತ್ತದೆ. ಅದನ್ನೇ ಹಿಡಿದು ಬೆಲೆ ಇಳಿಸಿ. ಎಂಜಿನ್ ಬಗ್ಗೆ ನನಗೆ ಹೆದರಿಕೆ ಕಡಿಮೆ. 5 ಲೀಟರಿನ ವಿ8, ಟೈಮಿಂಗ್ ಬೆಲ್ಟ್ ಅಲ್ಲ, ಚೈನು. ಎಣ್ಣೆ ಬದಲಿಸುವಾಗ ಮಾತ್ರ 7 ಲೀಟರಿಗೂ ಜಾಸ್ತಿ ಹಿಡಿಸುತ್ತದೆ, 5ಡಬ್ಲ್ಯೂ-20 ದರ್ಜೆಯದ್ದೇ ಆಗಬೇಕು. ಹಳೇ ಬಿಲ್‌ಗಳಲ್ಲಿ 4 ಲೀಟರ್ ಎಣ್ಣೆಯ ಬಿಲ್ ಕಂಡರೆ ಅಲ್ಲಿಂದ ಎದ್ದು ಬನ್ನಿ.

ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ, ಎಂಜಿನ್ನಿನ ಕೆಟ್ಟ ಸದ್ದು ಆಗಲೇ ಕೇಳುವುದು. ನೀವು ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾಗಿದ್ದರೆ, ಟೀ ಕುಡಿದು ಸಂಜೆ ಮತ್ತೆ ಹೋಗಿ.

ಗೋಕಾಕದಿಂದ: ಮೈಲೇಜ್ ಎಷ್ಟು ಅಣ್ಣಾ?

ಮೆಕ್ಯಾನಿಕ್: ಊರೊಳಗೆ 5, ಹೈವೇಯಲ್ಲಿ ಕಾಲು ಹಗುರ ಇದ್ದರೆ 9. ಟ್ಯಾಂಕ್ ಸುಮಾರು 60 ಲೀಟರ್. ಲೆಕ್ಕ ನೀವೇ ಹಾಕಿ, ನಾನು ಹಾಕಿದರೆ ಬೇಜಾರಾಗುತ್ತೀರಿ.

ವಿಜಯಪುರದಿಂದ: ನನ್ನದು 2016ರ ಕಾರು, ತೆಗೆದುಕೊಂಡು ಎಂಟು ತಿಂಗಳು. ಈ ಏಪ್ರಿಲ್‌ನಿಂದ ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತಿದೆ. ಇಲ್ಲಿಯ ಮೆಕ್ಯಾನಿಕ್ ಥರ್ಮೋಸ್ಟಾಟ್ ಕಿತ್ತು ಹಾಕೋಣ ಅಂತಾನೆ. ತೆಗೆಸಲಾ?

ಮೆಕ್ಯಾನಿಕ್: ಬೇಡವೇ ಬೇಡ. ಅದು ಹಳೇ ಡೀಸೆಲ್ ಜೀಪಿನ ಕಾಲದ ಉಪಾಯ. ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವ ತನಕ ರೇಡಿಯೇಟರ್‌ಗೆ ನೀರು ಬಿಡದ ವಾಲ್ವ್, ಇಲ್ಲದಿದ್ದರೆ ಎಂಜಿನ್ ಬಿಸಿಯೇ ಆಗಿಲ್ಲ ಎಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಒಂದು ಹೇಳಿ. ಮುಳ್ಳು ಏರುವುದು ಗಾಂಧಿ ಚೌಕದ ಟ್ರಾಫಿಕ್ಕಿನಲ್ಲೋ, ಹೈವೇಯಲ್ಲೋ?

ವಿಜಯಪುರದಿಂದ: ಹೈವೇಯಲ್ಲಿ. ಸೊಲ್ಲಾಪುರ ರೋಡಿನಲ್ಲಿ 100 ದಾಟಿದರೆ ಸಾಕು. ಊರೊಳಗೆ ಏನೂ ಇಲ್ಲ.

ಮೆಕ್ಯಾನಿಕ್: ಹಾಗಾದರೆ ಫ್ಯಾನ್ ಸರಿ ಇದೆ. ಫ್ಯಾನ್ ಹೋಗಿದ್ದರೆ ನಿಂತಾಗ ಬಿಸಿಯಾಗಬೇಕಿತ್ತು. ಓಡುವಾಗ ಬಿಸಿ ಅಂದರೆ ಗಾಳಿ ರೇಡಿಯೇಟರ್‌ಗೆ ಹೋಗುತ್ತಿಲ್ಲ. ಮೂತಿಯ ಕೆಳಗೆ, ಅಡ್ಡಕ್ಕೆ, ಕರಿ ಪ್ಲಾಸ್ಟಿಕ್ ಪಟ್ಟಿ ಇದೆಯಾ? ಬಗ್ಗಿ ನೋಡಿ.

ವಿಜಯಪುರದಿಂದ: ಇಲ್ಲ. ಮನಗೂಳಿ ಹತ್ತಿರ ರೋಡ್ ಹಂಪ್‌ಗೆ ತಗಲಿ ಜೋತು ಬಿದ್ದಿತ್ತು. ಟೈರ್ ಅಂಗಡಿಯವ ಕಿತ್ತು ಬಿಸಾಕಿದ. ಸುಮ್ನೆ ಶೋಕಿಗೆ ಇರುತ್ತದೆ ಅಂದ.

ಮೆಕ್ಯಾನಿಕ್: ಸಿಕ್ಕಿತು ನೋಡಿ. ಆ ಪಟ್ಟಿ ಶೋಕಿಗಲ್ಲ. ಕಾರಿನ ಅಡಿಗೆ ನುಗ್ಗುವ ಗಾಳಿಯನ್ನು ತಡೆದು ರೇಡಿಯೇಟರಿನ ಕಡೆ ತಿರುಗಿಸುವುದೇ ಅದರ ಕೆಲಸ. ಹೊಸದು ಹಾಕಿಸಿ, ಬೆಲೆ ದೊಡ್ಡದಲ್ಲ. ಅದರ ಜೊತೆಗೆ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಟಾರ್ಚ್ ಹಾಕಿ ನೋಡಿಸಿ. ನಮ್ಮ ಕಡೆ ನವೆಂಬರ್‌ನಿಂದ ಮಾರ್ಚ್ ತನಕ ಕಬ್ಬಿನ ಟ್ರ್ಯಾಕ್ಟರ್ ಹಿಂದೆಯೇ ಓಡಿಸುತ್ತೇವಲ್ಲ, ರವದಿ ಚೂರು, ಧೂಳು, ಹುಳ ಎಲ್ಲ ಸೇರಿ ಅಲ್ಲಿ ಕಂಬಳಿ ಆಗಿರುತ್ತದೆ. ಒಂದು ಕಾರಿನಿಂದ ನಾನು ಒಂದು ಬೊಗಸೆ ತೆಗೆದಿದ್ದೇನೆ. ಹಿಂದಿನಿಂದ ಮೆಲ್ಲಗೆ ನೀರು ಬಿಟ್ಟು ತೊಳೆಸಿ. ಪ್ರೆಷರ್ ಗನ್ ಹಿಡಿದರೆ ರೇಡಿಯೇಟರಿನ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಚಿಕ್ಕೋಡಿಯಿಂದ: ಹಂಪ್ ಮಾತು ಬಂತಲ್ಲ. ನಮ್ಮ ಹಳ್ಳಿ ರಸ್ತೆಯಲ್ಲಿ ಈ ಕಾರು ಆಗುತ್ತಾ?

ಮೆಕ್ಯಾನಿಕ್: ನೆಲದಿಂದ ಸುಮಾರು 137 ಮಿ.ಮೀ. ಎತ್ತರ ಇದೆ. ಸ್ವಿಫ್ಟ್ 163. ಅಂತರ ಒಂದು ಇಂಚಿನದ್ದೇ, ಆದರೆ ಮಸ್ಟಾಂಗಿನ ಮೂತಿ ಉದ್ದ, ಎರಡು ಗಾಲಿಗಳ ನಡುವಿನ ಹೊಟ್ಟೆಯೂ ಉದ್ದ. ಹಂಪ್‌ಗೆ ಅಡ್ಡಡ್ಡ ಹತ್ತಿಸಿ, ಒಂದೊಂದೇ ಗಾಲಿ. ನಾಲ್ವರು ಕೂತಿದ್ದರೆ ಹಿಂದಿನ ಇಬ್ಬರನ್ನು ಇಳಿಸಿ. ಅವರಿಗೂ ಖುಷಿ, ಆ ಹಿಂದಿನ ಸೀಟಿನಲ್ಲಿ ದೊಡ್ಡವರು ಕೂರಲು ಆಗುವುದಿಲ್ಲ. ಅಗಲದ ಮಾತೂ ಇದೆ, 1916 ಮಿ.ಮೀ. ನನ್ನ ಒಬ್ಬ ಗಿರಾಕಿ ಗಣಪತ್ ಗಲ್ಲಿಗೆ ಕುಂದಾ ತರಲು ಹೋಗಿ ಮುಕ್ಕಾಲು ಗಂಟೆ ಸಿಕ್ಕಿಬಿದ್ದಿದ್ದರು. ಕುಂದಾ ತರಲು ಸ್ಕೂಟರ್ ಇರಲಿ.

ಬೆಳಗಾವಿ ಟಿಳಕವಾಡಿಯಿಂದ: ಪಾರ್ಟ್ಸ್ ಕಥೆ ಹೇಳಿ ಅಣ್ಣಾ. ಫೋರ್ಡ್‌ನವರು ಹೋದ ಮೇಲೆ ಎಲ್ಲಿ ಸಿಗುತ್ತವೆ?

ಮೆಕ್ಯಾನಿಕ್: ನಿಜವಾದ ಪ್ರಶ್ನೆ ಇದೇ. ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುತ್ತೇವೆ ಎಂದದ್ದು 2021ರ ಸೆಪ್ಟೆಂಬರ್‌ನಲ್ಲಿ. ಆದರೆ ಮಸ್ಟಾಂಗ್ ಎಂದೂ ಇಲ್ಲಿ ತಯಾರಾಗಿಲ್ಲ. ಅಮೆರಿಕದ ಮಿಷಿಗನ್‌ನಿಂದ ಹಡಗಿನಲ್ಲಿ ಬಂದದ್ದು. ಹಾಗಾಗಿ ಪಾರ್ಟ್ಸ್ ಅಂದೂ ಹೊರಗಿನವೇ, ಇಂದೂ ಹೊರಗಿನವೇ. ಫಿಲ್ಟರ್, ಪ್ಲಗ್, ಬ್ರೇಕ್ ಪ್ಯಾಡ್ ಕಷ್ಟವಿಲ್ಲ. ಎಂಜಿನ್ ಸಾಮಾನು ದುಬೈಯಿಂದಲೂ ತರಿಸಬಹುದು, ಅಲ್ಲಿ ಈ ಕಾರು ರಾಶಿ ಇವೆ.

ಎಡವುವುದು ಇಲ್ಲಿ. ದುಬೈ ಕಾರಿನ ಸ್ಟೀರಿಂಗ್ ಎಡಕ್ಕೆ. ನಮ್ಮದು ಬಲಕ್ಕೆ. ಮಸ್ಟಾಂಗ್ 1964ರಿಂದ ಇದೆ, ಆದರೆ ಫ್ಯಾಕ್ಟರಿಯಿಂದಲೇ ಬಲಗೈ ಸ್ಟೀರಿಂಗ್ ಬಂದದ್ದು ಈ ಆರನೇ ತಲೆಮಾರಿನಲ್ಲೇ. ಹೋದ ವರ್ಷ ಒಂದು ಕಾರಿಗೆ ನಾಯಿ ಅಡ್ಡ ಬಂದು ಹೆಡ್‌ಲೈಟ್ ಒಡೆಯಿತು. ಓನರ್ ಅಳಿಯ ದುಬೈಯಲ್ಲಿದ್ದಾನೆ, ಕೈಚೀಲದಲ್ಲೇ ತಂದ. ಅಳತೆಗೆ ಸರಿಯಾಗಿ ಕೂತಿತು. ರಾತ್ರಿ ಹಚ್ಚಿ ನೋಡಿದರೆ ಬೆಳಕು ಎದುರಿಗೆ ಬರುವವನ ಕಣ್ಣಿಗೆ! ಬಲಗಡೆ ಓಡಾಡುವ ದೇಶದ ಲೈಟ್ ಅದು. ಕೊನೆಗೆ ಇಂಗ್ಲೆಂಡಿನಿಂದ ತರಿಸಿದೆವು. ಮೂರೂವರೆ ತಿಂಗಳು ಕಾರು ನನ್ನ ಗ್ಯಾರೇಜಿನ ಮೂಲೆಯಲ್ಲಿತ್ತು, ನನ್ನ ಹುಡುಗರು ಅದರ ಮೇಲೆ ಊಟದ ಡಬ್ಬಿ ಇಡದ ಹಾಗೆ ಕಾಯುವುದೇ ಕೆಲಸ. ಲೈಟ್, ಸ್ಟೀರಿಂಗ್ ರ‍್ಯಾಕ್, ವೈಪರ್, ಡ್ಯಾಶ್‌ಬೋರ್ಡ್ ಇವಕ್ಕೆ ಇಂಗ್ಲೆಂಡ್ ಅಥವಾ ಆಸ್ಟ್ರೇಲಿಯಾ ಎಂದು ನೆನಪಿಡಿ. ಕಸ್ಟಮ್ಸ್ ಸುಂಕ ಬೇರೆ.

ಬುಷ್, ಸ್ಕಿಡ್ ಪ್ಲೇಟ್ ತರಹದವು ಬೇಕಾದರೆ ಉದ್ಯಮಬಾಗದ ಲೇತ್‌ನವರು ಮಾಡಿಕೊಡುತ್ತಾರೆ. ಬ್ರೇಕು, ಸ್ಟೀರಿಂಗಿನ ಸಾಮಾನು ಮಾತ್ರ ನಾನು ಹಾಗೆ ಮಾಡಿಸುವುದಿಲ್ಲ, ಎಷ್ಟೇ ಕಾಯಬೇಕಾದರೂ.

ಇನ್ನೊಂದು, ಚಕ್ರದ ನಟ್. ಕಂಪನಿಯ ನಟ್ ಮೇಲೆ ತೆಳು ತಗಡಿನ ಟೋಪಿ ಇರುತ್ತದೆ. ನೀರು ಒಳಗೆ ಹೋಗಿ ಅದು ಊದಿಕೊಳ್ಳುತ್ತದೆ, ಪಾನಾ ಕೂರುವುದಿಲ್ಲ. ನಡುರಾತ್ರಿ ಪಂಕ್ಚರ್ ಆದಾಗ ಗೊತ್ತಾಗುವ ವಿಷಯ ಇದು. ಒಂದೇ ತುಂಡಿನ ನಟ್ ಈಗಲೇ ಹಾಕಿಸಿ.

ಜಮಖಂಡಿಯಿಂದ: ಪೆಟ್ರೋಲ್ ಯಾವುದು? ಇ20, ಅಂದರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್, ನಡೆಯುತ್ತಾ?

ಮೆಕ್ಯಾನಿಕ್: ಇದರ ಕಂಪ್ರೆಷನ್ 11ಕ್ಕೆ 1, ಅಂದರೆ ಪೆಟ್ರೋಲ್ ಬೆರೆತ ಗಾಳಿಯನ್ನು ಎಂಜಿನ್ ಜೋರಾಗಿ ಒತ್ತುತ್ತದೆ. ಹಾಗಾಗಿ ನಾನು ಒತ್ತಡಕ್ಕೆ ಬೇಗ ಸಿಡಿಯದ 95 ಆಕ್ಟೇನ್ ಪೆಟ್ರೋಲ್ ಹಾಕಿ ಎನ್ನುತ್ತೇನೆ, ಬೇಸಿಗೆಯಲ್ಲಂತೂ ಖಂಡಿತ. ಇ20 ಕಾಲಕ್ಕೂ ಮೊದಲಿನ ಕಾರು ಇದು. ಎಥನಾಲ್ ನೀರು ಹೀರುತ್ತದೆ, ಅರ್ಧ ಟ್ಯಾಂಕ್ ತುಂಬಿಸಿ ಮಳೆಗಾಲವಿಡೀ ನಿಲ್ಲಿಸಬೇಡಿ. ವಾರಕ್ಕೊಮ್ಮೆ 20 ಕಿ.ಮೀ. ಓಡಿಸಿ. ಬ್ಯಾಟರಿಗೂ ಅದೇ ಮದ್ದು.

ನಿಪ್ಪಾಣಿಯಿಂದ: ನಾನು ಮಸ್ಟಾಂಗ್ ತಂದು ಎರಡು ವರ್ಷ ಆಯಿತು. ಡಾಕ್ಟರ್‌ಗೆ ಆರ್‌ಟಿಒ ಅನುಭವ ಹೇಳುತ್ತೇನೆ. ಮಹಾರಾಷ್ಟ್ರದ ಕಾರನ್ನು ಕರ್ನಾಟಕದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇಟ್ಟರೆ ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. 20 ಲಕ್ಷ ದಾಟಿದ ಹೊಸ ಕಾರಿಗೆ 18 ಪರ್ಸೆಂಟ್. ಹಳೆಯದಕ್ಕೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ. ಆದರೆ ಲೆಕ್ಕ ಹಿಡಿಯುವುದು ಕಾರಿನ ಮೊದಲ ಬೆಲೆಯ ಮೇಲೆ, ನಾವು ಕೊಟ್ಟ ಬೆಲೆಯ ಮೇಲಲ್ಲ. ನನಗೆ ಇದು ಗೊತ್ತಿರಲಿಲ್ಲ. ಆ ದಿನ ಮನೆಯಲ್ಲಿ ಊಟ ಸೇರಲಿಲ್ಲ. ಫಾರ್ಮ್ 28ರ ಎನ್‌ಒಸಿ, ಅಂದರೆ ಅಲ್ಲಿಯ ಆರ್‌ಟಿಒದ ಆಕ್ಷೇಪಣೆ ಇಲ್ಲ ಎನ್ನುವ ಪತ್ರ, ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ.

ಮೆಕ್ಯಾನಿಕ್: ಒಳ್ಳೇ ಮಾತು. ನಾನು ಹೇಳಬೇಕೆಂದಿದ್ದ 65 ಲಕ್ಷದ ಕಥೆ ಇದೇ. ಇನ್ಷೂರೆನ್ಸ್‌ಗೂ ಹಾಗೇ, 5 ವರ್ಷ ದಾಟಿದ ಕಾರಿನ ಐಡಿವಿ, ಅಂದರೆ ಕಾರು ಪೂರ್ತಿ ಹೋದರೆ ಸಿಗುವ ದುಡ್ಡು, ನೀವೂ ಕಂಪನಿಯವರೂ ಮಾತಾಡಿ ಒಪ್ಪಿಕೊಳ್ಳುವ ಮೊತ್ತ. ಕಡಿಮೆ ಪ್ರೀಮಿಯಂ ಆಸೆಗೆ ಅದನ್ನು ಇಳಿಸಬೇಡಿ.

ಅಥಣಿಯಿಂದ: ಸೈಲೆನ್ಸರ್ ತೆಗೆಸಿ ಸೌಂಡ್ ಜಾಸ್ತಿ ಮಾಡಿಕೊಡುತ್ತೀರಾ?

ಮೆಕ್ಯಾನಿಕ್: ಇಲ್ಲ. ಇರುವ ಸೌಂಡ್ ಸಾಲದು ಅನ್ನುವವರು ಇನ್ನೂ ಅದನ್ನು ಗುಡ್ಡದ ಪಕ್ಕ ಓಡಿಸಿಲ್ಲ ಅಂತ ಅರ್ಥ. ಚೋರ್ಲಾ ಘಾಟಿಗೆ ಹೋಗಿ, ಕಿಟಕಿ ಇಳಿಸಿ. ಮಳೆ ಇಲ್ಲದ ದಿನ.

ಬಾಗಲಕೋಟೆಯಿಂದ, ಹಲ್ಲಿನ ಡಾಕ್ಟರ್ (ಮುಂದಿನ ಶನಿವಾರ): ಪುಣೆಯಲ್ಲೇ ಇದ್ದೇನೆ. ವಿಐಎನ್‌ನಲ್ಲಿ ಎಚ್ ಇದೆ. ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿದೆ, ಸದ್ದು ಚೆನ್ನಾಗಿದೆ. ಎಣ್ಣೆ ಬಿಲ್‌ಗಳೂ ಸರಿ ಇವೆ. ಟೈರ್ ಹೊಸದು ಎಂದಿದ್ದರು. ನಾಲ್ಕರ ಮೇಲೂ 4616 ಅಂತಿದೆ.

ಮೆಕ್ಯಾನಿಕ್: 2016ರ 46ನೇ ವಾರ. ಕಾರಿನ ಜೊತೆ ಹಡಗಿನಲ್ಲಿ ಬಂದ ಟೈರೇ ಅವು. ನಾಲ್ಕು ಟೈರಿನ ದುಡ್ಡು ಬೆಲೆಯಲ್ಲಿ ಕಳೆಯಿರಿ, ಒಪ್ಪಿದರೆ ಅಲ್ಲೇ ಹಾಕಿಸಿಕೊಂಡು ಹೊರಡಿ. ಅಲ್ಲಿ ಆಗದಿದ್ದರೆ ಟ್ರಕ್ಕಿನ ಮೇಲೆ ಹಾಕಿ ಕಳಿಸಿ. ಜುಲೈ ತಿಂಗಳಲ್ಲಿ ಆ ಟೈರಿನ ಮೇಲೆ ನಿಪ್ಪಾಣಿ ಹತ್ತಿರದ ತವಂದಿ ಘಾಟ್ ದಾಟಬೇಡಿ.

ಬಾಗಲಕೋಟೆಯಿಂದ, ಹಲ್ಲಿನ ಡಾಕ್ಟರ್: ಟ್ರಕ್ ಮಾತಾಡಿದೆ. ಮಂಗಳವಾರ ನಿಮ್ಮ ಗ್ಯಾರೇಜಿಗೇ ಇಳಿಸುತ್ತಾರೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಮೆಕ್ಯಾನಿಕ್: ಮೂಲೆ ಖಾಲಿ ಇದೆ. ಎಷ್ಟು ದಿನ ಬೇಕಾದರೂ ಇರಲಿ.