ಕಂಪನಿ ಕಾರ್ಡಿನಲ್ಲಿ ಸ್ವಂತ ಖರ್ಚಾಗಿಬಿಟ್ಟರೆ ಹೇಳುವುದು ಹೇಗೆ? ಬಲ್ಲವರ ಅನುಭವಗಳು

ಸಲಹೆ ಕೇಳಿದವರು:

ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಗ್ರಾಹಕರ ಕಚೇರಿಗಳಿಗೆ ಓಡಾಡುವ ಕೆಲಸವಾದ್ದರಿಂದ ಖರ್ಚಿಗೆಂದು ಕಂಪನಿಯವರು ಕಾರ್ಡ್ ಕೊಟ್ಟಿದ್ದಾರೆ. ಅಪ್ಪ ಅಮ್ಮನೊಂದಿಗೆ ವಾರಾಂತ್ಯಕ್ಕೆ ಮಡಿಕೇರಿಗೆ ಹೋಗಲು ಹೋಟೆಲ್ ಬುಕ್ ಮಾಡುವಾಗ ಆ್ಯಪ್‌ನಲ್ಲಿ ಮೊದಲೇ ಉಳಿಸಿಟ್ಟಿದ್ದ ಆ ಕಾರ್ಡಿನಿಂದಲೇ 11,400 ರೂಪಾಯಿ ಪಾವತಿಯಾಗಿದೆ. ಒಟಿಪಿ ಹಾಕುವಾಗಲೂ ಯಾವ ಕಾರ್ಡ್ ಎಂದು ನೋಡಲಿಲ್ಲ. ಊರಿಗೆ ಮರಳಿದ ಮೇಲೆ ಗೊತ್ತಾಯಿತು. ಯಾರಿಗೆ, ಹೇಗೆ ತಿಳಿಸಬೇಕು? ಅಷ್ಟು ಹಣವನ್ನು ಸುಮ್ಮನೆ ಕಟ್ಟಿಬಿಟ್ಟರೆ ಸಾಲದೇ? ಕೆಲಸಕ್ಕೆ ಕುತ್ತು ಬರಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಅಕೌಂಟ್ಸ್ ವಿಭಾಗದಲ್ಲಿ ಬಹುಕಾಲದಿಂದ ಇರುವವರೊಬ್ಬರ ಉತ್ತರ:

ಕಾರ್ಡ್‌ಗಳ ತಿಂಗಳ ಸ್ಟೇಟ್‌ಮೆಂಟ್ ತಾಳೆ ನೋಡುವ ಕೆಲಸ ನನ್ನದು. ನಿಮ್ಮಂಥ ಪ್ರಕರಣಗಳು ನಮ್ಮ ಮೇಜಿಗೆ ಹೊಸವಲ್ಲ. ಆ್ಯಪ್‌ನಲ್ಲಿ ಕಾರ್ಡ್ ತಾನಾಗಿ ಆಯ್ಕೆಯಾಗುವುದು, ಎರಡೂ ಕಾರ್ಡ್‌ಗಳು ಒಂದೇ ಬ್ಯಾಂಕಿನದಾಗಿ ಒಂದೇ ಬಣ್ಣದಲ್ಲಿರುವುದು, ಹೋಟೆಲಿನವರು ಮುಂಗಡಕ್ಕೆ ಪಡೆದ ಕಾರ್ಡಿನಲ್ಲೇ ಮನೆಯವರ ಊಟದ ಬಿಲ್ಲನ್ನೂ ಹಾಕಿಬಿಡುವುದು, ಇವೆಲ್ಲ ನಡೆಯುತ್ತಲೇ ಇರುತ್ತವೆ. ಹಾಗಾಗಿ ತಪ್ಪು ನಡೆದಿದೆ ಎಂಬುದಕ್ಕೇ ಯಾರೂ ನಿಮ್ಮನ್ನು ಅನುಮಾನಿಸುವುದಿಲ್ಲ. ನಾವು ನೋಡುವುದು, ಅದು ನಿಮ್ಮಿಂದ ನಮಗೆ ತಿಳಿಯಿತೋ ಅಥವಾ ನಾವು ಕಂಡುಹಿಡಿದು ನಿಮ್ಮನ್ನು ಕೇಳಬೇಕಾಯಿತೋ ಎಂಬುದನ್ನು. ಮೊದಲನೆಯದಾದರೆ ಒಂದು ವೋಚರ್‌ನಲ್ಲಿ ಮುಗಿಯುತ್ತದೆ. ಎರಡನೆಯದಾದರೆ ವಿವರಣೆ ಕೇಳಿ ಪತ್ರ ಬರೆಯಬೇಕಾಗುತ್ತದೆ, ಆ ಪತ್ರದ ಒಂದು ಪ್ರತಿ ಎಚ್‌ಆರ್‌ಗೆ ಹೋಗುತ್ತದೆ, ಆಮೇಲೆ ನಿಮ್ಮ ಹಳೆಯ ಬಿಲ್ಲುಗಳನ್ನೂ ಯಾರಾದರೂ ತಿರುವಿಹಾಕಲು ತೊಡಗುತ್ತಾರೆ.

"ಸುಮ್ಮನೆ ಕಟ್ಟಿಬಿಟ್ಟರೆ ಸಾಲದೇ" ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಒಳ್ಳೆಯ ಮನಸ್ಸಿನವರೇ ಹೆಚ್ಚಾಗಿ ತೊಂದರೆಗೆ ಸಿಕ್ಕಿಕೊಳ್ಳುವುದು ಇಲ್ಲಿ. ಕೆಲವರು ತಮ್ಮ ಉಳಿತಾಯ ಖಾತೆಯಿಂದ ನೇರವಾಗಿ ಕಾರ್ಡ್ ಸಂಖ್ಯೆಗೆ ಹಣ ಕಟ್ಟಿಬಿಡುತ್ತಾರೆ. ಬಾಕಿಯನ್ನು ಕಂಪನಿಯೇ ಬ್ಯಾಂಕಿಗೆ ತೀರಿಸುವ ವ್ಯವಸ್ಥೆಯಲ್ಲಿ ಆ ಹಣ ಯಾರದೆಂದು ಗೊತ್ತಾಗದ ಜಮೆಯಾಗಿ ನಿಲ್ಲುತ್ತದೆ, ಅತ್ತ ಹೋಟೆಲಿನ ಖರ್ಚು ಮಾತ್ರ ನಿಮ್ಮ ಹೆಸರಿನಲ್ಲಿ ವಿವರಣೆಯಿಲ್ಲದೆ ಉಳಿಯುತ್ತದೆ. ಇನ್ನು ಕೆಲವರು ತಮಗೆ ನ್ಯಾಯವಾಗಿ ಬರಬೇಕಾದ ಬೇರೊಂದು ಬಿಲ್ಲನ್ನು ಕ್ಲೇಮ್ ಮಾಡದೆ ಬಿಟ್ಟು "ಅದಕ್ಕೆ ಇದು ಸರಿಹೋಯಿತು" ಎಂದುಕೊಳ್ಳುತ್ತಾರೆ. ಅವರ ಮನಸ್ಸಿನಲ್ಲಿ ಲೆಕ್ಕ ಚುಕ್ತಾ ಆಗಿರಬಹುದು, ಆದರೆ ಪುಸ್ತಕದಲ್ಲಿ ಒಂದಿದ್ದ ತಪ್ಪು ಎರಡಾಗಿರುತ್ತದೆ: ಇಲ್ಲದ ಕಚೇರಿ ಖರ್ಚೊಂದು ಇದೆ, ಇರಬೇಕಾದ ಖರ್ಚೊಂದು ಇಲ್ಲ. ಆಡಿಟ್‌ನವರು ಬಂದಾಗ ಇದನ್ನು ಪ್ರಾಮಾಣಿಕತೆ ಎಂದು ತೋರಿಸಿಕೊಡಲು ಯಾವ ಕಾಗದವೂ ಇರುವುದಿಲ್ಲ.

ನಿಮ್ಮ ಪ್ರಕರಣದಲ್ಲಿ ತಡಮಾಡಬಾರದೆನ್ನಲು ಇನ್ನೊಂದು ಕಾರಣವಿದೆ. ಆ್ಯಪ್‌ನಲ್ಲಿ ನಿಮ್ಮ ಆಫೀಸಿನ ಪ್ರೊಫೈಲ್ ಇದ್ದರೆ ಹೋಟೆಲಿನ ಬಿಲ್ಲನ್ನು ತೆರೆದು ನೋಡಿ. ಅತಿಥಿಗಳ ಹೆಸರಿನ ಕೆಳಗೆ ಕಂಪನಿಯ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ ಮುದ್ರಿತವಾಗಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಹೋಟೆಲಿನವರು ತಮ್ಮ ರಿಟರ್ನ್ ಸಲ್ಲಿಸಿದೊಡನೆ ಆ ಬಿಲ್ಲು ಮುಂದಿನ ತಿಂಗಳ 14ರಂದು ಸಿದ್ಧವಾಗುವ ಜಿಎಸ್‌ಟಿಆರ್-2ಬಿ ಎಂಬ ಖರೀದಿ ಬಿಲ್ಲುಗಳ ಪಟ್ಟಿಯಲ್ಲಿ ಕಂಪನಿಯ ಹೆಸರಿಗೆ ಬಂದು ಕೂರುತ್ತದೆ. ಹೋಟೆಲೂ ಕಂಪನಿಯ ನೋಂದಣಿಯೂ ಕರ್ನಾಟಕದಲ್ಲೇ ಇರುವುದರಿಂದ, ನೋಡುವವರು ಅದನ್ನು ಕಚೇರಿ ಪ್ರಯಾಣವೆಂದೇ ತಿಳಿದು ಇನ್‌ಪುಟ್ ಕ್ರೆಡಿಟ್, ಅಂದರೆ ಬಿಲ್ಲಿನಲ್ಲಿ ತೆತ್ತ ಜಿಎಸ್‌ಟಿಯನ್ನು ಕಂಪನಿ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಪಡೆದುಬಿಡುತ್ತಾರೆ. ಸ್ವಂತ ಬಳಕೆಯ ಸೇವೆಗೆ ಆ ಕ್ರೆಡಿಟ್ ಪಡೆಯುವಂತಿಲ್ಲ. ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮು ಅದನ್ನು ತಡೆಯುತ್ತದೆ. ತಪ್ಪಾಗಿ ಪಡೆದು ಬಳಸಿಕೊಂಡರೆ ಅದನ್ನು ಹಿಂತಿರುಗಿಸಬೇಕಲ್ಲದೆ ವರ್ಷಕ್ಕೆ ಶೇಕಡ 18ರಂತೆ ಬಡ್ಡಿಯನ್ನೂ ಕಟ್ಟಬೇಕು. ಆ ತಿಂಗಳ 20ರೊಳಗೆ ಕಂಪನಿಯ ರಿಟರ್ನ್ ಹೋಗುವ ಮುನ್ನ ನಿಮ್ಮಿಂದ ಒಂದು ಸಾಲಿನ ಸೂಚನೆ ಬಂದರೆ ಇದೆಲ್ಲ ಹುಟ್ಟುವುದೇ ಇಲ್ಲ. ಉದ್ಯೋಗಿಗೆ 11,400 ರೂಪಾಯಿ ಕಾಣುತ್ತದೆ, ನಮಗೆ ಅದರ ಹಿಂದಿರುವ ಈ ಸರಪಳಿ ಕಾಣುತ್ತದೆ. ಬೇಗ ಹೇಳಿ ಎಂದು ನಾವು ಒತ್ತಾಯಿಸುವುದು ಅದಕ್ಕಾಗಿಯೇ.

ಬರೆಯುವಾಗ ಉದ್ದನೆಯ ಕಥೆ ಬೇಡ. ಮ್ಯಾನೇಜರ್‌ಗೂ ಅಕೌಂಟ್ಸ್‌ಗೂ ಒಂದೇ ಮೇಲ್ ಕಳುಹಿಸಿ. ಹೆಚ್ಚುಕಡಿಮೆ ಹೀಗಿದ್ದರೆ ಸಾಕು:

"ಈ ತಿಂಗಳ ಇಂಥ ದಿನಾಂಕದಂದು ಮಡಿಕೇರಿಯ ಹೋಟೆಲಿಗೆ ಕಂಪನಿ ಕಾರ್ಡಿನಿಂದ 11,400 ರೂಪಾಯಿ ಪಾವತಿಯಾಗಿದೆ. ಇದು ನನ್ನ ಸ್ವಂತ ಖರ್ಚು. ಆ್ಯಪ್‌ನಲ್ಲಿ ಉಳಿಸಿಟ್ಟಿದ್ದ ಕಾರ್ಡ್ ಆಯ್ಕೆಯಾಗಿದ್ದನ್ನು ಗಮನಿಸದೆ ನಾನು ಪಾವತಿ ಮಾಡಿದ್ದೇನೆ. ಪೂರ್ತಿ ಹಣವನ್ನು ಹಿಂತಿರುಗಿಸುತ್ತೇನೆ; ಯಾವ ಖಾತೆಗೆ ಕಟ್ಟಬೇಕು ಅಥವಾ ಸಂಬಳದಲ್ಲಿ ಹಿಡಿದುಕೊಳ್ಳುತ್ತೀರೇ ಎಂಬುದನ್ನು ತಿಳಿಸಬೇಕಾಗಿ ಕೋರುತ್ತೇನೆ. ಬಿಲ್ಲನ್ನು ಲಗತ್ತಿಸಿದ್ದೇನೆ. ಅದರಲ್ಲಿ ಕಂಪನಿಯ ಜಿಎಸ್‌ಟಿ ಸಂಖ್ಯೆ ಇರುವುದರಿಂದ ಇನ್‌ಪುಟ್ ಕ್ರೆಡಿಟ್ ಪಡೆಯದಂತೆ ಗಮನಿಸಿ. ಆ್ಯಪ್‌ನಿಂದ ಕಾರ್ಡನ್ನು ತೆಗೆದುಹಾಕಿದ್ದೇನೆ."

ಇಷ್ಟರಲ್ಲಿ ಏನಾಯಿತು, ಹೇಗಾಯಿತು, ಹಣ ಹೇಗೆ ಬರುತ್ತದೆ, ಮತ್ತೆ ಆಗದಂತೆ ಏನು ಮಾಡಿದ್ದೀರಿ ಎಂಬುದೆಲ್ಲ ಬಂದಿದೆ. ಮನೆಯ ಕಷ್ಟ, ಕೆಲಸದ ಒತ್ತಡ, ನಿದ್ದೆಗೆಟ್ಟದ್ದು, ಇವನ್ನು ಸೇರಿಸಿದಷ್ಟೂ ಓದುವವರಿಗೆ ಇನ್ನೇನೋ ಇದೆ ಎಂದು ತೋರುತ್ತದೆ. ಖರ್ಚಿನ ತಂತ್ರಾಂಶದಲ್ಲಿ ಆ ಸಾಲಿಗೆ "ಸ್ವಂತ ಖರ್ಚು" ಎಂಬ ವರ್ಗವಿದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಸಾಲನ್ನು ಖಾಲಿ ಬಿಟ್ಟು, ಮೇಲ್ ಕಳುಹಿಸಿರುವುದನ್ನು ಟಿಪ್ಪಣಿಯಲ್ಲಿ ಬರೆಯಿರಿ.

ತಂಡವೊಂದರ ಮ್ಯಾನೇಜರ್ ಒಬ್ಬರ ಉತ್ತರ:

ಮೇಲಿನವರು ಹೇಳಿದ್ದೆಲ್ಲವೂ ಸರಿ. ನನ್ನದೊಂದೇ ಮಾತು. ಮೇಲ್ ಕಳುಹಿಸುವ ಮೊದಲು ನಿಮ್ಮ ಮ್ಯಾನೇಜರ್‌ಗೆ ಬಾಯಿಮಾತಿನಲ್ಲಿ ತಿಳಿಸಿ, ಅದೇ ದಿನ ಮೇಲ್ ಹಾಕಿ. ನಮ್ಮ ತಂಡದ ಹುಡುಗರು ಬಂದು "ಸರ್, ಹೀಗಾಗಿದೆ, ಅಕೌಂಟ್ಸ್‌ಗೆ ಬರೆಯುತ್ತಿದ್ದೇನೆ, ನಿಮಗೂ ಪ್ರತಿ ಹಾಕುತ್ತೇನೆ" ಎಂದಾಗ ನನಗೆ ಆ ಹುಡುಗರ ಮೇಲಿನ ನಂಬಿಕೆ ಕುಂದಿಲ್ಲ. ಅದೇ ವಿಷಯ ಅಕೌಂಟ್ಸ್‌ನಿಂದ ನನಗೆ ಮೊದಲು ತಿಳಿದಾಗ, ನಾನೇ ಸಹಿ ಮಾಡಿ ಕಳುಹಿಸಿದ ಖರ್ಚಿನ ಪಟ್ಟಿಗೆ ನಾನೇ ಉತ್ತರ ಹೇಳಬೇಕಾಗಿ ಬಂದು ಮನಸ್ಸಿಗೆ ನೋವಾಗಿದೆ. ಪಟ್ಟಿ ನಮ್ಮ ಒಪ್ಪಿಗೆಗೆ ಬರುವ ಮುನ್ನವೇ ಹೇಳುವುದು ಉತ್ತಮ. ಕಾರ್ಡ್ ಪಡೆಯುವಾಗ ನೀವು ಸಹಿ ಹಾಕಿದ ಒಪ್ಪಂದವನ್ನೂ ಒಮ್ಮೆ ಓದಿ. ಇಷ್ಟು ದಿನದೊಳಗೆ ತಿಳಿಸಬೇಕೆಂಬ ಷರತ್ತು ಅದರಲ್ಲಿ ಇರಬಹುದು.

ಸ್ಟಾಕ್‌ಹೋಮ್‌ನಲ್ಲಿ ನೆಲೆಸಿರುವ ಕನ್ನಡಿಗರೊಬ್ಬರ ಉತ್ತರ:

ಇಲ್ಲಿ ಕಚೇರಿ ಕಾರ್ಡಿನ ಮಾತು ಬಂದರೆ ಹಿರಿಯ ಸಹೋದ್ಯೋಗಿಗಳು 1995ರ ಒಂದು ಪ್ರಕರಣವನ್ನು ನೆನಪಿಸಿಕೊಳ್ಳುತ್ತಾರೆ. ಆಗ ಸ್ವೀಡನ್ನಿನ ಉಪಪ್ರಧಾನಿಯಾಗಿದ್ದ ಮೋನಾ ಸಾಲಿನ್ ಅವರು ಸರ್ಕಾರದ ಕಾರ್ಡಿನಿಂದ ಸ್ವಂತ ಖರೀದಿಗಳನ್ನು ಮಾಡಿದ್ದು ಪತ್ರಿಕೆಯ ಮೂಲಕ ಹೊರಬಂತು. ಅದರಲ್ಲಿ ಟೊಬ್ಲರೋನ್ ಚಾಕೊಲೇಟ್ ಕೂಡ ಇದ್ದುದರಿಂದ ಆ ಪ್ರಕರಣಕ್ಕೆ ಅದೇ ಹೆಸರು ನಿಂತಿತು. ಅದು ಸಂಬಳದ ಮುಂಗಡವೆಂದು ತಾವು ಭಾವಿಸಿದ್ದಾಗಿ ಅವರು ಹೇಳಿದರು, ಹಣವನ್ನೂ ಮರಳಿಸಿದರು, ಪ್ರಾಸಿಕ್ಯೂಟರ್ ಆರಂಭಿಸಿದ ತನಿಖೆ 1996ರಲ್ಲಿ ಯಾವ ಆರೋಪವೂ ಇಲ್ಲದೆ ಕೈಬಿಡಲಾಯಿತು. ಆದರೂ ಆಳುವ ಪಕ್ಷದ ನಾಯಕತ್ವದ ಸ್ಪರ್ಧೆಯಿಂದ ಅವರು ಹಿಂದೆ ಸರಿಯಬೇಕಾಯಿತು, 1996ರ ಮಾರ್ಚಿನಲ್ಲಿ ಯೋರಾನ್ ಪೆರ್ಸನ್ ಪ್ರಧಾನಿಯಾದರು. ಸಾಲಿನ್ ಅವರು ಪಕ್ಷದ ಅಧ್ಯಕ್ಷರಾದದ್ದು 2007ರಲ್ಲಿ.

ನಿಮ್ಮ ಒಂದು ಹೋಟೆಲ್ ಬಿಲ್ಲನ್ನು ಇದರೊಂದಿಗೆ ಹೋಲಿಸುತ್ತಿಲ್ಲ. ನಿಮಗೆ ಎಚ್ಚರಿಕೆ ಹೇಳಬೇಕೆನಿಸಿದ್ದು ಒಂದೇ ವಿಷಯಕ್ಕೆ: ಹಣ ಮರಳಿಸುವುದು ಬೇರೆ, ಬೇರೆಯವರು ಕೇಳುವ ಮುನ್ನ ತಾನಾಗಿ ಹೇಳುವುದು ಬೇರೆ. "ಹೇಗೂ ಆಮೇಲೆ ಕಟ್ಟುತ್ತೇನಲ್ಲ" ಎಂದು ಕಂಪನಿ ಕಾರ್ಡನ್ನು ಕೈಗಡದಂತೆ ಬಳಸುವ ಅಭ್ಯಾಸ ನಮ್ಮಲ್ಲೂ ಕೆಲವರಿಗಿದೆ. ಅದು ಪ್ರಾಮಾಣಿಕ ತಪ್ಪಿನ ಸಾಲಿಗೆ ಸೇರುವುದಿಲ್ಲ, ಸೇರಿಸಲೂ ಬಾರದು.

ಸಲಹೆ ಕೇಳಿದವರು ಮತ್ತೆ:

ಎಲ್ಲರಿಗೂ ಧನ್ಯವಾದಗಳು. ಇಂದು ಮ್ಯಾನೇಜರ್ ಬಳಿ ಮಾತನಾಡಿದೆ. ಅವರು ಸಿಟ್ಟಾಗಲಿಲ್ಲ. ಆದರೆ "ಸಣ್ಣ ಮೊತ್ತ, ಇದನ್ನೇಕೆ ದೊಡ್ಡದು ಮಾಡುತ್ತೀರಿ, ಗ್ರಾಹಕರ ಭೇಟಿಯ ಖರ್ಚಿಗೆ ಸೇರಿಸಿ, ನಾನು ಒಪ್ಪಿಗೆ ಕೊಡುತ್ತೇನೆ" ಎಂದರು. ಈಗ ಏನು ಮಾಡಲಿ?

ತೆರಿಗೆ ಸಲಹೆಗಾರರೊಬ್ಬರ ಉತ್ತರ:

ನಿಮ್ಮ ಮೇಲಿನ ಪ್ರೀತಿಯಿಂದಲೇ ಅವರು ಹಾಗೆ ಹೇಳಿರಬಹುದು, ಆದರೆ ಆ ದಾರಿಯಲ್ಲಿ ಹೋಗಬೇಡಿ. ಇಲ್ಲಿಯವರೆಗೆ ನಿಮ್ಮದು ಗಮನ ತಪ್ಪಿ ಆದ ಪಾವತಿ. ಗ್ರಾಹಕರ ಭೇಟಿ ಎಂದು ನೀವೇ ಬರೆದ ಕ್ಷಣದಿಂದ ಅದು ತಿಳಿದೂ ಕೊಟ್ಟ ಸುಳ್ಳು ಲೆಕ್ಕವಾಗುತ್ತದೆ, ಮತ್ತು ಅದನ್ನು ಬರೆದವರು ಮ್ಯಾನೇಜರ್ ಅಲ್ಲ, ನೀವು. ಬಿಲ್ಲಿನಲ್ಲಿ ನಿಮ್ಮ ತಂದೆ ತಾಯಿಯ ಹೆಸರಿದೆ, ತಂಗಿದ್ದು ವಾರಾಂತ್ಯದಲ್ಲಿ. ಮುಂದೆಂದಾದರೂ ಯಾರಾದರೂ ತೆರೆದು ನೋಡಿದರೆ ಉತ್ತರವಿರುವುದಿಲ್ಲ.

ಆದಾಯ ತೆರಿಗೆಯ ಕಡೆಯಿಂದಲೂ ನೋಡಿ. ಉದ್ಯೋಗದಾತರು ಕೊಟ್ಟ ಕಾರ್ಡಿನಲ್ಲಿ ಮಾಡಿದ ಸ್ವಂತ ಖರ್ಚು ಉದ್ಯೋಗಿಗೆ ದೊರೆತ ಸೌಲಭ್ಯವೆಂದು ಪರಿಗಣಿಸಲ್ಪಟ್ಟು ಸಂಬಳದೊಂದಿಗೆ ತೆರಿಗೆಗೆ ಒಳಪಡುತ್ತದೆ ಎಂಬ ತತ್ತ್ವ 1962ರ ಆದಾಯ ತೆರಿಗೆ ನಿಯಮಾವಳಿಯ 3ನೇ ನಿಯಮದಲ್ಲೇ ಇತ್ತು. ಉದ್ಯೋಗಿಯಿಂದ ವಸೂಲಾದ ಮೊತ್ತವನ್ನು ಅದರಲ್ಲಿ ಕಳೆಯಬೇಕೆಂದೂ, ಕಚೇರಿ ಕೆಲಸಕ್ಕೇ ಆದ ಖರ್ಚಾದರೆ ದಿನಾಂಕ ಮತ್ತು ಸ್ವರೂಪದ ಪೂರ್ಣ ವಿವರವನ್ನು ಇಟ್ಟಿರಬೇಕೆಂದೂ ಅದೇ ನಿಯಮ ಹೇಳಿತ್ತು. ನೀವು ಪೂರ್ತಿ ಹಣ ಕಟ್ಟಿ ಅದು ದಾಖಲಾದರೆ ತೆರಿಗೆಯ ಪ್ರಶ್ನೆಯೇ ಉಳಿಯುವುದಿಲ್ಲ. ಕಂಪನಿಯವರು ನಿಜವಾಗಿಯೂ ಮನ್ನಾ ಮಾಡುವುದಾದರೆ ಅದಕ್ಕೂ ನೇರವಾದ ದಾರಿಯಿದೆ, ಸೌಲಭ್ಯವೆಂದು ತೋರಿಸಿ ತೆರಿಗೆ ಹಿಡಿಯಲಿ.

ಮ್ಯಾನೇಜರ್‌ಗೆ ಗೌರವದಿಂದಲೇ ಹೇಳಬಹುದು: "ನನ್ನ ಪರವಾಗಿ ಯೋಚಿಸಿದ್ದಕ್ಕೆ ಧನ್ಯವಾದ ಸರ್. ಬಿಲ್ಲಿನಲ್ಲಿ ಅಪ್ಪ ಅಮ್ಮನ ಹೆಸರಿದೆ, ನಾಳೆ ನಿಮ್ಮ ಒಪ್ಪಿಗೆಗೂ ಪ್ರಶ್ನೆ ಬರಬಾರದು. ಹಣ ಕಟ್ಟಿಬಿಡುತ್ತೇನೆ." ಇಷ್ಟು ಕೇಳಿದ ಮೇಲೂ ಒತ್ತಾಯಿಸುವವರು ಅಪರೂಪ. ಅದೇ ದಿನ ಅಕೌಂಟ್ಸ್‌ಗೆ ಮೇಲ್ ಹೋಗಲಿ.

ಒಮ್ಮೆಲೇ ಕಟ್ಟಲು ಕಷ್ಟವಾದರೆ ಎರಡು ಮೂರು ತಿಂಗಳ ಸಂಬಳದಲ್ಲಿ ಹಿಡಿದುಕೊಳ್ಳಲು ಲಿಖಿತ ಒಪ್ಪಿಗೆ ಕೊಡಬಹುದು. 2019ರ ವೇತನ ಸಂಹಿತೆಯ ಪ್ರಕಾರ ಒಂದು ವೇತನಾವಧಿಯ ಒಟ್ಟು ಕಡಿತ ವೇತನದ ಶೇಕಡ 50ನ್ನು ಮೀರುವಂತಿಲ್ಲ. ಹೋಟೆಲಿನವರನ್ನು ಕೇಳಿ ಬೇರೆ ಕಾರ್ಡಿಗೆ ಬದಲಾಯಿಸಿಕೊಳ್ಳುವ ಯೋಚನೆಯಿದ್ದರೆ ಅಕೌಂಟ್ಸ್‌ನವರಿಗೆ ತಿಳಿಸದೆ ಮಾಡಬೇಡಿ. ರೀಫಂಡ್ ಬರುವುದು ಅದೇ ಕಾರ್ಡಿಗೆ, ಅದೂ ಕೆಲವೊಮ್ಮೆ ಮುಂದಿನ ಸ್ಟೇಟ್‌ಮೆಂಟ್‌ನಲ್ಲಿ. ಅಷ್ಟರೊಳಗೆ ನೀವು ಹಣವನ್ನೂ ಕಟ್ಟಿದ್ದರೆ ಎರಡು ಸಲ ಮರಳಿಸಿದಂತಾಗಿ ಅದನ್ನು ಬಿಡಿಸಲು ಮತ್ತೊಂದು ಸುತ್ತು ಪತ್ರವ್ಯವಹಾರ ನಡೆಯುತ್ತದೆ. ಹಣ ಕಟ್ಟಿದ ಮೇಲೆ ರಸೀದಿ ಅಥವಾ ವೋಚರ್ ಸಂಖ್ಯೆಯನ್ನು ಕೇಳಿ ಪಡೆದು, ಆ ವರ್ಷದ ಸಂಬಳದ ತೆರಿಗೆ ಕಡಿತದ ಪ್ರಮಾಣಪತ್ರ ಕೈಗೆ ಬಂದು ನೋಡುವವರೆಗೆ ಇಟ್ಟುಕೊಳ್ಳಿ.

ಅಕೌಂಟ್ಸ್ ವಿಭಾಗದವರು, ಕೊನೆಯದಾಗಿ:

ಇದೇ ನೆಪದಲ್ಲಿ ಹಳೆಯ ಸ್ಟೇಟ್‌ಮೆಂಟ್‌ಗಳನ್ನೂ ಒಮ್ಮೆ ನೋಡಿಬಿಡಿ. ಇಂಥದ್ದೇ ಇನ್ನೊಂದು ಸಿಕ್ಕರೆ ಎರಡನ್ನೂ ಒಂದೇ ಮೇಲ್‌ನಲ್ಲಿ ಬರೆಯಿರಿ. ಎರಡನೆಯದು ಆರು ತಿಂಗಳ ನಂತರ ಆಡಿಟ್‌ನಲ್ಲಿ ಸಿಗುವುದಕ್ಕಿಂತ ಅದು ಎಷ್ಟೋ ಮೇಲು. ಮಾರ್ಚ್ 31 ದಾಟಿ ಹಿಂದಿನ ವರ್ಷಕ್ಕೆ ಸೇರಿದ್ದಾದರೂ ಹಿಂಜರಿಯಬೇಡಿ. ಮುಗಿದ ವರ್ಷದ ಪುಸ್ತಕವನ್ನು ತೆರೆಯದೆ ಈ ವರ್ಷದಲ್ಲೇ ವಸೂಲಿಯೆಂದು ಜಮೆ ಮಾಡಿಕೊಳ್ಳುವ ಕ್ರಮ ನಮ್ಮಲ್ಲಿದೆ.